ಮೆಕ್ಕೆಜೋಳದ ರಾಶಿಗೆ ಹಗ್ಗ ಸುತ್ತಿ ಗಣಿತ ಕಲಿಸುವುದು ಹೇಗೆ

ಸುಗ್ಗಿ ಶುರುವಾದರೆ ನಮ್ಮ ಜಗಳೂರು ಕಡೆ ಎಲ್ಲಿ ನೋಡಿದರೂ ಮೆಕ್ಕೆಜೋಳದ ರಾಶಿ. ನಾನು ಪಾಠ ಮಾಡುವ ಹೈಸ್ಕೂಲಿನ ಹಿಂದೆಯೇ ಒಂದು ಕಣ ಇದೆ. ಹತ್ತನೇ ಕ್ಲಾಸಿನವರಿಗೆ ಶಂಕುವಿನ ಘನಫಲದ ಸೂತ್ರ (⅓ × π × ತ್ರಿಜ್ಯದ ವರ್ಗ × ಎತ್ತರ) ಬಾಯಿಪಾಠ. ಆದರೆ ರಾಶಿ ತೋರಿಸಿ "ಇದರಲ್ಲಿ ಎಷ್ಟು ಕ್ವಿಂಟಾಲ್ ಇದೆ?" ಅಂದರೆ, "ತ್ರಿಜ್ಯ ಎಷ್ಟು ಸರ್?" ಅಂತ ನನ್ನನ್ನೇ ಕೇಳುತ್ತಾರೆ. ಆಗ ಹೇಳಿಬಿಡಬೇಡಿ. ಲೆಕ್ಕ ಶುರುವಾಗುವುದೇ ಅಲ್ಲಿ.

ಅಳೆಯುವ ಮೊದಲು ಎಲ್ಲರೂ ತಮ್ಮ ಅಂದಾಜನ್ನು ನೋಟ್‌ಬುಕ್ಕಿನಲ್ಲಿ ಬರೆಯಲಿ. ನಮ್ಮಲ್ಲಿ ಒಬ್ಬ 10 ಅಂದ, ಇನ್ನೊಬ್ಬ 100 ಅಂದ. ಕಣದ ಅಜ್ಜ ಮಾತ್ರ ಒಂದು ಸುತ್ತು ಹಾಕಿ, "ಇಪ್ಪತ್ತೈದರ ಆಸುಪಾಸು ಆಗ್ತೈತಿ ನೋಡ್ರಿ" ಅಂದರು. ಅದನ್ನೂ ಬರೆದುಕೊಂಡೆವು.

ಆಮೇಲೆ ಸುಮ್ನೆ ನಿಂತು ನೋಡಿ. ರಾಶಿಯ ನಡುವೆ ಹೋಗಿ ತ್ರಿಜ್ಯ ಅಳೆಯೋಕೆ ಆಗಲ್ಲ ಅಲ್ವಾ? ಹತ್ತು ನಿಮಿಷ ಪರದಾಡಿದರು. ಕೊನೆಗೆ ಒಬ್ಬ ಹುಡುಗಿ ಬಾವಿ ಹಗ್ಗ ತಂದು ಬುಡಕ್ಕೆ ಸುತ್ತಿದಳು. 12.6 ಮೀಟರ್ ಬಂತು. ಅದನ್ನು 2π, ಅಂದರೆ 6.28ರಿಂದ ಭಾಗಿಸಿದರೆ ತ್ರಿಜ್ಯ 2 ಮೀಟರ್. ಎತ್ತರಕ್ಕೆ ಇಬ್ಬರು ಆಚೆ ಈಚೆ ನಿಂತು, ತುದಿಗೆ ತಾಗುವಂತೆ ಹಗ್ಗ ಬಿಗಿ ಹಿಡಿದರು. ಎರಡೂ ಕಡೆ ನೆಲದಿಂದ ಒಂದೇ ಎತ್ತರ ಬರುವ ತನಕ ಸರಿಮಾಡಿದರು. 90 ಸೆಂಟಿಮೀಟರ್. ಘನಫಲ ಸುಮಾರು 3.77 ಘನ ಮೀಟರ್, ಅಂದರೆ 3,770 ಲೀಟರ್.

ಲೀಟರನ್ನು ಕಿಲೋ ಮಾಡುವುದಕ್ಕೆ ಮೊಬೈಲ್ ಬೇಡ. ಕತ್ತರಿಸಿದ ಒಂದು ಲೀಟರ್ ಬಾಟಲಿಗೆ ಕಾಳು ತುಂಬಿ, ಕಿರಾಣಿ ಅಂಗಡಿ ತಕ್ಕಡಿಯಲ್ಲಿ ನಾಲ್ಕೈದು ಸಲ ತೂಗಿಸಿ. ನಮಗೆ ಸರಾಸರಿ 720 ಗ್ರಾಂ ಬಂತು. ಲೆಕ್ಕ 27 ಕ್ವಿಂಟಾಲ್ ಹೇಳಿತು.

ಚೀಲ ತುಂಬಿ ತೂಗಿದಾಗ ಇದ್ದದ್ದು ಇಪ್ಪತ್ತನಾಲ್ಕೂವರೆ. ಮಕ್ಕಳ ಮುಖ ಬಾಡಿತು. ಇಲ್ಲಿ ಆತುರಪಟ್ಟು ಮುಂದಕ್ಕೆ ಹೋಗಬೇಡಿ, ಇಡೀ ಪಾಠದ ಸಾರ ಇದೇ ಜಾಗದಲ್ಲಿದೆ. "ನಾವು ಏನನ್ನು ನಿಜ ಅಂದುಕೊಂಡಿದ್ದೆವು?" ಅಂತ ಕೇಳಿ. ಮತ್ತೆ ಕಣಕ್ಕೆ ಹೋಗಿ ನೋಡಿದೆವು. ಬುಡದಲ್ಲಿ ಚದುರಿದ್ದ ಕಾಳನ್ನೂ ಸೇರಿಸಿ ಹಗ್ಗ ಸುತ್ತಿದ್ದೆವು. ತ್ರಿಜ್ಯದಲ್ಲಿ ಬರೀ 10 ಸೆಂಟಿಮೀಟರ್ ಕಡಿಮೆ ಮಾಡಿ ಲೆಕ್ಕ ಹಾಕಿ ನೋಡಿ: 24.5 ಕ್ವಿಂಟಾಲ್! ನೂರಕ್ಕೆ ಐದು ತಗ್ಗಿಸಿದ್ದಕ್ಕೆ ಉತ್ತರ ಹತ್ತರಷ್ಟು ತಗ್ಗಿತು. ತ್ರಿಜ್ಯಕ್ಕೆ ವರ್ಗ ಯಾಕೆ ಅನ್ನುವುದು ಆವತ್ತು ಅವರಿಗೆ ನಿಜವಾಗಿ ಅರ್ಥವಾಯಿತು. ತುದಿ ಚೂಪಾಗಿರದೆ ದುಂಡಗಿತ್ತು ಅಂತಲೂ ಒಬ್ಬ ಹೇಳಿದ. ಅದೂ ಸರಿಯೇ. ಯಾವುದು ಎಷ್ಟು ತಿಂದಿತು ಅಂತ ಇನ್ನೊಂದು ರಾಶಿ ಅಳೆದೇ ತಿಳಿಯಬೇಕು.

ಹಾಗಾಗಿ ಒಂದೇ ರಾಶಿಗೆ ನಿಲ್ಲಿಸಬೇಡಿ. ನಾಲ್ಕು ರಾಶಿ ಅಳೆದಾಗ ಎತ್ತರವನ್ನು ತ್ರಿಜ್ಯದಿಂದ ಭಾಗಿಸಿದರೆ ಹೆಚ್ಚುಕಡಿಮೆ 0.45 ಬರುತ್ತಲೇ ಇತ್ತು. ಒಣ ಕಾಳು ಒಂದೇ ಇಳಿಜಾರಿನಲ್ಲಿ ಜಾರಿ ನಿಲ್ಲುತ್ತದೆ. ಅಂದಮೇಲೆ ಎತ್ತರ ಅಳೆಯಲೇಬೇಕಾಗಿಲ್ಲ, ಹಗ್ಗ ಒಂದೇ ಸಾಕು. "ಹಗ್ಗ ಎರಡು ಪಟ್ಟಾದರೆ ಜೋಳ?" ಅಂದೆ. "ಎರಡು ಪಟ್ಟು" ಅಂತ ಕೂಗಿದರು. ತ್ರಿಜ್ಯದ ಜೊತೆ ಎತ್ತರವೂ ಎರಡು ಪಟ್ಟಾಗುತ್ತದಲ್ಲ, ಲೆಕ್ಕ ಹಾಕಿದರೆ ಎಂಟು ಪಟ್ಟು! ಹಸಿ ಕಾಳಿಗೆ ಈ 0.45 ಹೊಂದುವುದಿಲ್ಲ, ಅದರ ರಾಶಿ ಇನ್ನೂ ಕಡಿದಾಗಿ ನಿಲ್ಲುತ್ತದೆ. ಅದನ್ನೂ ಅವರೇ ಅಳೆದು ಕಂಡುಕೊಳ್ಳಲಿ.

ಹೈವೇ ಸರ್ವಿಸ್ ರಸ್ತೆಯಲ್ಲಿ ಒಣಹಾಕಿದ ರಾಶಿಗೆ ಮಾತ್ರ ಮಕ್ಕಳನ್ನು ಕರೆದೊಯ್ಯಬೇಡಿ. ಕಣಕ್ಕೇ ಹೋಗಿ, ಒಡೆಯರನ್ನು ಕೇಳಿಕೊಂಡು ಹೋಗಿ.

ಹಿರಿಯೂರು ಕಡೆಯವರಾದರೆ ಇಂಥದ್ದೇ ಪ್ರಶ್ನೆಗೆ ವಾಣಿವಿಲಾಸ ಸಾಗರ ಜಲಾಶಯ ಇದೆ.  ಅದರ ನೀರಿನ ಮಟ್ಟ 100 ಅಡಿಯಿಂದ 110ಕ್ಕೆ ಏರಲು ಬೇಕಾದ ನೀರಿಗಿಂತ 120ರಿಂದ 130ಕ್ಕೆ ಏರಲು ಜಾಸ್ತಿ ನೀರು ಬೇಕು, ಯಾಕೆ ಅಂತ ಕೇಳಿ ನೋಡಿ.

ನೋಟ್‌ಬುಕ್ಕಿನ ಎಡಪುಟ "ಅಂದುಕೊಂಡದ್ದು", ಬಲಪುಟ ಲೆಕ್ಕ. ನಾನು ಹತ್ತರಲ್ಲಿ ಆರು ಅಂಕ ಎಡಪುಟಕ್ಕೇ ಕೊಡುತ್ತೇನೆ. ಎಡಪುಟದಲ್ಲಿ ತಪ್ಪಾದದ್ದನ್ನು ಅಳಿಸಬಾರದು, ಮೇಲೊಂದು ಗೆರೆ ಎಳೆದು ಪಕ್ಕದಲ್ಲಿ ಹೊಸದನ್ನು ಬರೆಯಬೇಕು.