ನಿಂತಿದ್ದ ಲಾರಿಗೆ ಬೈಕ್ ಗುದ್ದಿದರೆ ಪರಿಹಾರ ಸಿಗುತ್ತಾ? ಭಾವನ ಕೇಸು ನಡೆಸಿದ ನನ್ನ ಅನುಭವ

ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಹಿಂದಿನಿಂದ ಗುದ್ದಿ ಯಾರಾದರೂ ತೀರಿಕೊಂಡರೆ ಎಲ್ಲರ ಬಾಯಲ್ಲೂ ಒಂದೇ ಮಾತು. "ಹೋಗಿ ಗುದ್ದಿದ್ದು ಇವನೇ ತಾನೇ, ಯಾರು ಪರಿಹಾರ ಕೊಡ್ತಾರೆ?" ನಮ್ಮ ಭಾವ ಹೋದಾಗ ನೆಂಟರೂ ಹಾಗೇ ಅಂದರು, ಊರವರೂ ಅಂದರು, ಸ್ಟೇಷನ್ನಿನಲ್ಲೂ ಅದನ್ನೇ ಹೇಳಿ ಕಳಿಸಿದರು. ಆ ಮಾತು ತಪ್ಪು. ಅಕ್ಕನ ಪರವಾಗಿ ಈ ಕೇಸಿಗೆ ಮೊದಲಿಂದ ಓಡಾಡಿದವನು ನಾನು. ಇಂಥ ಮಾತು ಕೇಳಿ ಕೇಸೇ ಹಾಕದೆ ಕೂತ ಮನೆಗಳನ್ನು ನೋಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಆಗಿದ್ದು ಇಷ್ಟು. 2022ರ ಕೊನೆ. ರಾಷ್ಟ್ರೀಯ ಹೆದ್ದಾರಿ 48, ತುಮಕೂರು ಚಿತ್ರದುರ್ಗದ ನಡುವೆ. ಭಾವನಿಗೆ 34 ವರ್ಷ, ಮರಗೆಲಸ. ರಾತ್ರಿ ಬೈಕಲ್ಲಿ ಬರುವಾಗ ಪಂಕ್ಚರ್ ಆಗಿ ನಿಂತಿದ್ದ ಲಾರಿಯ ಹಿಂದಿನ ಬಲ ಮೂಲೆಗೆ ಬೈಕ್ ಹೊಡೆಯಿತು. ಹೆಲ್ಮೆಟ್ ಇತ್ತು, ಲೈಸೆನ್ಸ್ ಇತ್ತು. ಲಾರಿ ಡ್ರೈವರೇ ಹೋಗಿ ದೂರು ಕೊಟ್ಟ, ಎಫ್‌ಐಆರ್ ಭಾವನ ಹೆಸರಿಗೇ ಆಯಿತು. ಸತ್ತವರೇ ಆರೋಪಿ.

ಮಣ್ಣು ಮಾಡಿ ಬಂದ ಮರುದಿನ ನಾನೂ ನನ್ನ ಗೆಳೆಯನೂ ಸ್ಟೇಷನ್ ಹತ್ತಿರ ನಿಲ್ಲಿಸಿದ್ದ ಲಾರಿ ನೋಡೋಕೆ ಹೋದೆವು. ಗಾಡಿ ಬಿಡುಗಡೆಯಾಗಿ ಹೋದರೆ ಆಮೇಲೆ ಏನೂ ಸಿಗಲ್ಲ ಅಂತ ಹೇಳಿದ್ದು ಆ ಗೆಳೆಯನೇ. ಗುದ್ದಿದ ಬಲಗಡೆಯ ಲೈಟ್ ಪುಡಿಪುಡಿ ಆಗಿತ್ತು. ಅದು ಅಪಘಾತದಲ್ಲೇ ಒಡೆಯಿತು ಅಂತ ಅವರು ಹೇಳಬಹುದು, ಸರಿ. ಆದರೆ ಎಡಗಡೆಗೆ ಒಂದು ಗೀರೂ ಬಿದ್ದಿರಲಿಲ್ಲ, ಆದರೂ ಅಲ್ಲಿ ಗಾಜಿನ ಒಳಗೆ ಬಲ್ಬೇ ಇಲ್ಲ, ಹೋಲ್ಡರ್ ತುಕ್ಕು ಹಿಡಿದು ಕೂತಿದೆ! ಹಿಂದಿನ ಬಾಗಿಲಿನ ಮೇಲೆ ಕೆಂಪು ರಿಫ್ಲೆಕ್ಟರ್ ಟೇಪ್ ಇರಬೇಕಾದ ಜಾಗದಲ್ಲಿ ಗೋಂದಿನ ಗುರುತು ಮಾತ್ರ ಇತ್ತು. ನಂಬರ್ ಪ್ಲೇಟ್ ಕಾಣುವ ಹಾಗೆ, ಹತ್ತಿರದಿಂದ ಒಂದು, ದೂರದಿಂದ ಒಂದು ಅಂತ ಎಲ್ಲವನ್ನೂ ಫೋಟೋ ತೆಗೆದೆವು.

ಅಲ್ಲಿಂದ ನೇರ ಅಪಘಾತದ ಜಾಗಕ್ಕೆ ಹೋದೆವು. ಲಾರಿಯನ್ನು ರಸ್ತೆ ಬಿಟ್ಟು ಮಣ್ಣಿಗೆ ಇಳಿಸಿ ನಿಲ್ಲಿಸಿದ್ದೆ ಅಂತ ಡ್ರೈವರ್ ಹೇಳಿಕೆ. ಪಂಕ್ಚರ್ ಆಗಿದ್ದು ಬಲಗಡೆ ಹಿಂದಿನ ಚಕ್ರ. ಅದಕ್ಕೆ ಜಾಕ್ ಕೊಟ್ಟ ಚೌಕದ ಗುರುತು ಟಾರಿನ ಮೇಲೆ ಅಚ್ಚಾಗಿ ಕೂತಿತ್ತು, ಅದೂ ಅಂಚಿನ ಬಿಳಿ ಗೆರೆಯ ಒಳಗೆ, ವಾಹನ ಓಡುವ ಕಡೆ. ಗೆರೆಯಿಂದ ಆ ಗುರುತಿಗೆ ಟೇಪ್ ಹಿಡಿದು ಅಳೆದು, ಟೇಪ್ ಸಮೇತ ಫೋಟೋ ತೆಗೆದೆವು. ನಮ್ಮ ಕೇಸು ನಿಂತಿದ್ದೇ ಈ ಫೋಟೋಗಳ ಮೇಲೆ ಅಂದರೂ ತಪ್ಪಿಲ್ಲ.

ಯಾಕೆ ಅಂದರೆ ಕ್ಲೇಮು ಕೇಳುವ ನ್ಯಾಯಮಂಡಳಿ, ಅಂದರೆ ಎಂಎಸಿಟಿ, ಎಫ್‌ಐಆರ್ ನೋಡಿ ಅಷ್ಟಕ್ಕೇ ತೀರ್ಪು ಕೊಡಲ್ಲ. ತಪ್ಪು ಯಾರದು, ಯಾರದೆಷ್ಟು ಅಂತ ಅದೇ ವಿಚಾರಣೆ ಮಾಡುತ್ತದೆ. ಕ್ರಿಮಿನಲ್ ಕೇಸಿನ ಹಾಗೆ ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕಾಗಿಲ್ಲ, ಯಾವುದು ಹೆಚ್ಚು ನಂಬುವಂತಿದೆ ಅನ್ನೋದೇ ಮುಖ್ಯ. ಬೇರೆಯವರಿಗೆ ಅಪಾಯವಾಗುವ ಹಾಗೆ ಗಾಡಿ ನಿಲ್ಲಿಸಬಾರದು ಅಂತ 1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಮಿನಲ್ಲೇ ಇದೆ. ನಿಂತ ಗಾಡಿಯಿಂದ ಆದ ಸಾವಿಗೆ ವಿಮೆ ಅನ್ವಯಿಸುತ್ತಾ ಅನ್ನುವ ಪ್ರಶ್ನೆಗೂ ಸುಪ್ರೀಂ ಕೋರ್ಟ್ 1991ರಲ್ಲೇ ಉತ್ತರ ಕೊಟ್ಟಿದೆ. ಪುಣೆ ಕಡೆಯಿಂದ ಬೆಂಗಳೂರಿನ ಕಡೆ ಬರುತ್ತಿದ್ದ ಪೆಟ್ರೋಲ್ ಟ್ಯಾಂಕರ್ ಮಗುಚಿ, ಸುಮ್ಮನೆ ಬಿದ್ದಿದ್ದಾಗ ಸಿಡಿದ ಕೇಸು ಅದು. ಗಾಡಿ ಓಡದಿದ್ದರೂ ಅದು 'ಬಳಕೆ'ಯಲ್ಲೇ ಇದೆ ಅಂತ ಕೋರ್ಟ್ ಹೇಳಿತು.

ವಕೀಲರ ವಿಷಯ. ಶವಾಗಾರದ ಮುಂದೆಯೇ ಒಬ್ಬ ಬಂದು ಅಕ್ಕನ ಸಹಿ ಕೇಳಿದ, ಬಂದ ದುಡ್ಡಲ್ಲಿ ಶೇಕಡಾ 30 ಕೊಟ್ಟರೆ ಸಾಕು ಅಂದ. ದಯವಿಟ್ಟು ಅಲ್ಲಿ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಪರಿಹಾರದಲ್ಲಿ ಪಾಲು ಕೇಳುವುದು ವಕೀಲರಿಗೆ ಬಾರ್ ಕೌನ್ಸಿಲ್ ನಿಯಮದ ಪ್ರಕಾರ ನಿಷಿದ್ಧ. ನಾವು ದಾವಣಗೆರೆಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಿದೆವು. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಪಡೆಯುವ ಹಕ್ಕಿದೆ, ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ನಮಗೆ ಸಿಕ್ಕ ವಕೀಲೆ ಫೋಟೋಗಳನ್ನು ಒಂದೊಂದಾಗಿ ನೋಡಿ, ಆ ಬಲ್ಬಿಲ್ಲದ ಹೋಲ್ಡರ್ ಹತ್ತಿರ ನಿಂತು, "ಇದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ" ಅಂದರು.

ಅರ್ಜಿಯನ್ನು ಅಪಘಾತ ಆದ ಜಿಲ್ಲೆಯಲ್ಲೇ ಹಾಕಬೇಕು ಅಂತೇನಿಲ್ಲ, ಸತ್ತವರ ಮನೆಯವರು ಇರುವ ಊರಿನ ಕೋರ್ಟಲ್ಲೂ ಹಾಕಬಹುದು. ಹಾಗಾಗಿ ಅಕ್ಕ ಪ್ರತಿ ತಾರೀಖಿಗೂ ಬಸ್ಸು ಹತ್ತುವುದು ತಪ್ಪಿತು. ಆದರೆ ಅವಧಿ ನೋಡಿಕೊಳ್ಳಿ. 2022ರ ಏಪ್ರಿಲ್‌ನಿಂದ ಜಾರಿಯಾದ ತಿದ್ದುಪಡಿಯ ಪ್ರಕಾರ ಅಪಘಾತವಾದ 6 ತಿಂಗಳೊಳಗೆ ಅರ್ಜಿ ಹಾಕಬೇಕು. ವರ್ಷದ ತಿಥಿ ಮುಗಿಯಲಿ ಆಮೇಲೆ ನೋಡೋಣ ಅನ್ನುವವರ ಮಾತು ಕೇಳಬೇಡಿ.

ಯಾರ ಮೇಲೆ ಹಾಕುವುದು? ಡ್ರೈವರ್, ಮಾಲೀಕ, ವಿಮಾ ಕಂಪನಿ, ಮೂವರ ಮೇಲೂ. ಎಂ-ಪರಿವಾಹನ್ ಆ್ಯಪಿನಲ್ಲಿ ಲಾರಿ ನಂಬರ್ ಹಾಕಿದರೆ ವಿಮೆ, ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಫಿಟ್‌ನೆಸ್ ಪತ್ರ) ಎಲ್ಲಿವರೆಗೆ ಇದೆ ಅಂತ ಗೊತ್ತಾಗುತ್ತದೆ. ನಮ್ಮ ಕೇಸಲ್ಲಿ ಆರ್‌ಸಿ ಒಬ್ಬರ ಹೆಸರಲ್ಲಿ, ಲಾರಿ ಓಡಿಸುತ್ತಿದ್ದುದು ಇನ್ನೊಬ್ಬರು. ಮಾರಿಬಿಟ್ಟಿದ್ದೇನೆ, ನನಗೂ ಇದಕ್ಕೂ ಸಂಬಂಧವಿಲ್ಲ ಅಂದರು ಹಳೇ ಮಾಲೀಕರು. ಆರ್‌ಸಿಯಲ್ಲಿ ಹೆಸರಿರುವವರೇ ಕಾನೂನಿನ ಕಣ್ಣಲ್ಲಿ ಮಾಲೀಕ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಗಾಡಿ ಮಾರಿ ಹೆಸರು ಬದಲಾಯಿಸದೆ ಬಿಟ್ಟವರು ಇದ್ದರೆ ಇದನ್ನು ಓದಿದ ಮೇಲಾದರೂ ಆರ್‌ಟಿಒ ಕಡೆ ಹೋಗಿ ಬನ್ನಿ.

ವಿಮಾ ಕಂಪನಿಯವರು ಎಲ್ಲ ತಪ್ಪೂ ಬೈಕಿನವರದೇ ಅಂತ ವಾದಿಸಿದರು. ಆದರೆ ಆ ಮಾತು ಹೇಳಲು ಡ್ರೈವರ್‌ನನ್ನು ಸಾಕ್ಷಿಗೆ ಕರೆಸಲೇ ಇಲ್ಲ. ನಮ್ಮ ವಕೀಲೆ ಇದನ್ನೇ ಹಿಡಿದುಕೊಂಡರು. ಲೈಟ್ ಹಾಕಿದ್ದೆ, ಮಣ್ಣಿನ ಮೇಲೆ ನಿಲ್ಲಿಸಿದ್ದೆ ಅನ್ನುವುದು ನಿಜವಾಗಿದ್ದರೆ ಬಂದು ಹೇಳಬಹುದಿತ್ತಲ್ವಾ?

ಆದಾಯ ತೋರಿಸುವುದು ಇನ್ನೊಂದು ದೊಡ್ಡ ಕೆಲಸ. ಬಡಗಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಏನೂ ತೋರಿಸದಿದ್ದರೆ ಕಾನೂನು ಸೇವಾ ಪ್ರಾಧಿಕಾರದ ಪಟ್ಟಿಯಲ್ಲಿ ಆ ವರ್ಷಕ್ಕೆ ಇರುವ ಅಂದಾಜು ಆದಾಯವನ್ನೇ ಸಾಮಾನ್ಯವಾಗಿ ಹಿಡಿಯುತ್ತಾರೆ. ನಾವು ಭಾವನ ಫೋನ್‌ಪೇ ಜಮಾ ಇರುವ ಬ್ಯಾಂಕ್ ಸ್ಟೇಟ್‌ಮೆಂಟ್ ಕೊಟ್ಟೆವು, ಪ್ಲೈವುಡ್ ಅಂಗಡಿಯ ಬಿಲ್ಲು ಕೊಟ್ಟೆವು, ಅವರು ಕೆಲಸ ಮಾಡಿದ ಮನೆಯವರೊಬ್ಬರು ಬಂದು ಸಾಕ್ಷಿ ಹೇಳಿದರು. ನ್ಯಾಯಮಂಡಳಿ ತಿಂಗಳಿಗೆ 18,000 ಅಂತ ಒಪ್ಪಿತು.

ಮುಂದಿನದು ಲೆಕ್ಕ. ಸ್ವಂತ ದುಡಿಮೆ, 40ರ ಒಳಗಿನ ವಯಸ್ಸು, ಹಾಗಾಗಿ ಮುಂದೆ ಹೆಚ್ಚಾಗಬಹುದಾದ ಆದಾಯಕ್ಕೆ ಶೇಕಡಾ 40 ಸೇರಿಸಿದರೆ 25,200. ಅವಲಂಬಿತರು ನಾಲ್ವರು, ಅಕ್ಕ, ಇಬ್ಬರು ಮಕ್ಕಳು, ಅಕ್ಕನ ಅತ್ತೆ. ಹಾಗಾಗಿ ಭಾವನ ಸ್ವಂತ ಖರ್ಚು ಅಂತ ಕಾಲು ಭಾಗ ಕಳೆದು 18,900. ವರ್ಷಕ್ಕೆ 2,26,800. 31ರಿಂದ 35 ವಯಸ್ಸಿಗೆ ಗುಣಕ, ಅಂದರೆ ವರ್ಷದ ಮೊತ್ತವನ್ನು ಎಷ್ಟರಿಂದ ಗುಣಿಸಬೇಕು ಅನ್ನುವ ಸಂಖ್ಯೆ, 16. ಒಟ್ಟು 36,28,800. ಇದರ ಮೇಲೆ ಅಂತ್ಯಕ್ರಿಯೆ ಖರ್ಚು, ಹೆಂಡತಿ ಮಕ್ಕಳು ತಾಯಿ ಅವರನ್ನು ಕಳೆದುಕೊಂಡಿದ್ದಕ್ಕೆ ಬೇರೆ ಮೊತ್ತ. ಈ ಲೆಕ್ಕ ಸುಪ್ರೀಂ ಕೋರ್ಟಿನ 2009ರ ಸರಳಾ ವರ್ಮಾ, 2017ರ ಪ್ರಣಯ್ ಸೇಠಿ ತೀರ್ಪುಗಳಿಂದ ಬಂದಿದ್ದು. ನೀವೇ ಕೂತು ಮಾಡಿ ನೋಡಿ, ಆಗ ಲೋಕ ಅದಾಲತ್‌ನಲ್ಲಿ ರಾಜಿಗೆ ಕರೆದಾಗ ವಿಮಾ ಕಂಪನಿಯವರು ಹೇಳುವ ಮೊತ್ತ ಎಷ್ಟು ಕಡಿಮೆ ಅಂತ ತಕ್ಷಣ ತಿಳಿಯುತ್ತದೆ. ಅಲ್ಲಿ ಒಮ್ಮೆ ಒಪ್ಪಿದರೆ ಅದರ ಮೇಲೆ ಅಪೀಲು ಇಲ್ಲ.

ತೀರ್ಪಿನಲ್ಲಿ ಭಾವನ ತಪ್ಪು ಶೇಕಡಾ 20, ಲಾರಿಯದು 80 ಅಂದರು. ಅತ್ತೆಗೆ ಆ 20 ಕೇಳಿ ತುಂಬಾ ನೋವಾಯಿತು, ಅವರಿಗೆ ದುಡ್ಡಿನ ವಿಷಯ ಅಲ್ಲ, ಮಗನ ಮೇಲೆ ತಪ್ಪು ಬರೆದರಲ್ಲ ಅಂತ. ಅಪೀಲಿಗೆ 90 ದಿನ ಇತ್ತು, ಅಕ್ಕ ಬೇಡ ಅಂದಳು, ವಿಮಾ ಕಂಪನಿಯೂ ಹೋಗಲಿಲ್ಲ. ಮಕ್ಕಳ ಪಾಲು ಅವರಿಗೆ 18 ತುಂಬುವವರೆಗೆ ಬ್ಯಾಂಕಿನಲ್ಲಿ ಠೇವಣಿ. ಸ್ಕೂಲ್ ಫೀಸಿಗೆ ಬೇಕಾದರೆ ಅದೇ ಕೋರ್ಟಿಗೆ ಅರ್ಜಿ ಹಾಕಿ ಸ್ವಲ್ಪ ಬಿಡಿಸಿಕೊಳ್ಳಬಹುದು, ಶಾಲೆಯ ಫೀಸ್ ಪತ್ರ ಜೊತೆಗಿಡಬೇಕು. ದೊಡ್ಡವಳಿಗೆ ಈ ಜೂನ್‌ನಲ್ಲಿ ಹಾಗೇ ಮಾಡಿದೆವು.