ಕೋರೆಯ ದಂಡೆಯಲ್ಲಿ ತೇಲುವ ಹತ್ತೊಂಬತ್ತು ಕಂಬಗಳು

ಉಡುಪಿ ಬಳಿಯ ಪರ್ಕಳದ ಸಮೀಪ ನನ್ನ ಸ್ನೇಹಿತರೊಬ್ಬರ ಜಾಗದಲ್ಲಿ, ಕಲ್ಲು ತೆಗೆದು ಮುಗಿಸಿ ಬಿಟ್ಟುಹೋದ ಒಂದು ಕೋರೆ ಇದೆ. ಅದರ ದಂಡೆಯಲ್ಲಿ, ಕೂತರೆ ಇಳಿಯುವ ತೇಲುಕಂಬಗಳ ಒಂದು ಕಲಾಕೃತಿಯನ್ನು ಕಟ್ಟಿದ್ದೇನೆ. ಮುರಕಲ್ಲನ್ನು, ಅಂದರೆ ಜಂಬಿಟ್ಟಿಗೆಯನ್ನು, ಯಂತ್ರದ ಗರಗಸದಿಂದ ಕೊಯ್ದು ಸಾಗಿಸಿದ ಮೇಲೆ ಉಳಿಯುವ ಗುಂಡಿಗೆ ಒಂದು ವಿಚಿತ್ರವಾದ ಶಿಸ್ತು ಇರುತ್ತದೆ. ಗೋಡೆಗಳು ಓಳಂಬ ಹಿಡಿದಷ್ಟು ನೇರ, ಮೂಲೆಗಳೆಲ್ಲ 90 ಡಿಗ್ರಿ. ಜೂನ್ ತಿಂಗಳಲ್ಲಿ ಅದು ಕೆರೆಯಾಗುತ್ತದೆ, ಮಾರ್ಚ್ ಹೊತ್ತಿಗೆ ತಳದ ಕೆಸರು ಬಿರುಕು ಬಿಡುತ್ತದೆ. ಆ ಬಿರುಕುಗಳನ್ನು ನೋಡುತ್ತಿದ್ದಾಗಲೇ ನನಗೆ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪ, ಊರಿನವರ ತೋನ್ಸೆಪಾರ್, ನೆನಪಾದದ್ದು.

ಆ ದ್ವೀಪದ ಕಲ್ಲುಕಂಬಗಳನ್ನು ಯಾರೂ ಕಡೆದಿಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಹೊರಬಂದ ಲಾವಾ ತಣಿಯುತ್ತ ಕುಗ್ಗಿತು, ಕುಗ್ಗುವಾಗ ಬಿರಿಯಿತು, ಬಿರುಕುಗಳು ಒಂದನ್ನೊಂದು 120 ಡಿಗ್ರಿಯ ಆಸುಪಾಸಿನಲ್ಲಿ ಸಂಧಿಸಿದವು. ಒಣಗುವ ಕೆಸರಿನಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ. ಮಳೆಗಾಲಕ್ಕೆ ದೋಣಿಗಳು ನಿಲ್ಲುವ ಮೊದಲು ನಾನು ನಾಲ್ಕು ಸಲ ಅಲ್ಲಿಗೆ ಹೋಗಿ, ದಾರ ಮತ್ತು ಕಾಗದ ಇಟ್ಟುಕೊಂಡು ಕಂಬಗಳ ತುದಿಗಳನ್ನು ಅಳೆದೆ. ಎಲ್ಲವೂ ಷಟ್ಕೋನವೆಂದು ನಂಬಿ ಹೋದವನಿಗೆ ಐದು ಮತ್ತು ಏಳು ಬದಿಗಳವೂ ಧಾರಾಳವಾಗಿ ಸಿಕ್ಕವು. ಮನುಷ್ಯ ಕೊಯ್ದರೆ ಚೌಕ, ಕಲ್ಲು ತಾನಾಗಿ ಒಡೆದರೆ ಷಟ್ಕೋನಕ್ಕೆ ಹತ್ತಿರದ ಆಕಾರ. ಕೋರೆಯಲ್ಲಿ ಇವೆರಡನ್ನೂ ಎದುರುಬದುರು ಇಡಬೇಕೆಂಬುದಷ್ಟೇ ಮೊದಲ ಆಲೋಚನೆಯಾಗಿತ್ತು. ನಿಂತ ಕಲ್ಲುಗಳ ಒಂದು ಗುಂಪನ್ನು ಮಾಡಿದ್ದರೆ ಕೆಲಸ ಮೂರು ತಿಂಗಳಲ್ಲಿ ಮುಗಿಯುತ್ತಿತ್ತು. ಆದರೆ ಅದು ಬರೀ ನೋಡುವ ವಸ್ತುವಾಗುತ್ತಿತ್ತು, ಮತ್ತು ಕೋರೆಯೆಂಬುದು ನಾವು ನೋಡಿ ಬಿಟ್ಟದ್ದರಿಂದ ಆದದ್ದಲ್ಲ, ಮುಟ್ಟಿದ್ದರಿಂದ ಆದದ್ದು. ಕೂತರೆ ಇಳಿಯುವ, ಇಳಿದರೆ ನೆರೆಯದನ್ನು ಎತ್ತುವ ಕಂಬಗಳು ಬೇಕೆಂದು ತೀರ್ಮಾನಿಸಿದೆ.

ನೀರು ತುಂಬಿದ ಕೋರೆಗಳಲ್ಲಿ ಮಕ್ಕಳು ಮುಳುಗಿದ ಸುದ್ದಿಯನ್ನು ಕರಾವಳಿಯವರು ಎಷ್ಟೋ ಸಲ ಓದಿದ್ದೇವೆ. ಆದ್ದರಿಂದ ಗುಂಡಿಯನ್ನು ಮುಟ್ಟದೆ, ಅದರ ದಂಡೆಯ ಒಣ ಹಂತದ ಮೇಲೆ ಫೆರೋಸಿಮೆಂಟಿನಲ್ಲಿ (ತಂತಿಬಲೆಯ ಮೇಲೆ ಬಳಿದ ಸಿಮೆಂಟಿನಲ್ಲಿ) ಜೇನುಗೂಡಿನಂತಹ ತೊಟ್ಟಿಯೊಂದನ್ನು ಕಟ್ಟಿದೆ. ನಡುವೆ ಒಂದು, ಸುತ್ತ ಆರು, ಅದರ ಸುತ್ತ ಹನ್ನೆರಡು, ಒಟ್ಟು 19 ಕೋಶಗಳು. ಪ್ರತಿ ಗೋಡೆಯ ಬುಡದಲ್ಲಿ ಒಂದು ತೂತು ಇಟ್ಟು ನೆರೆಕೋಶಗಳ ನೀರನ್ನು ಕೂಡಿಸಿದೆ. ಕೋಶಕ್ಕೊಂದರಂತೆ ಒಂದು ಮೀಟರ್ ಎತ್ತರದ, 20 ಸೆಂಟಿಮೀಟರ್ ಬದಿಯ ಟೊಳ್ಳು ಷಟ್ಕೋನ ಕಂಬ. ಈ ಕಂಬಗಳನ್ನು ಮಲ್ಪೆಯಲ್ಲಿ ಫೈಬರ್ ದೋಣಿಗಳ ಕೆಲಸ ಮಾಡುವವರೊಬ್ಬರು ಅಚ್ಚಿನಲ್ಲಿ ಗಾಜಿನ ನಾರಿನ ಮ್ಯಾಟ್ ಹಾಸಿ, ರೆಸಿನ್ ಎಂಬ ಅಂಟು ಬಳಿದು ಮಾಡಿಕೊಟ್ಟರು. ದೋಣಿಗೆ ಆರು ಮೂಲೆ ಯಾಕೆ ಎಂದು ಒಮ್ಮೆ ಕೇಳಿದ್ದನ್ನು ಬಿಟ್ಟರೆ, ನನ್ನ ಕಲಾವಿವರಣೆಯಲ್ಲಿ ಅವರಿಗೆ ಆಸಕ್ತಿಯಿರಲಿಲ್ಲ. ಬುಡದಲ್ಲಿ ಭಾರ ಇಡದಿದ್ದರೆ ಕಂಬ ಮಗುಚುತ್ತದೆ ಎಂಬುದನ್ನು ಮಾತ್ರ ನನಗಿಂತ ಮೊದಲು ಹೇಳಿದರು.

ಕಂಬದ ತಲೆಗೆ ಐದು ಸೆಂಟಿಮೀಟರ್ ದಪ್ಪದ ಮುರಕಲ್ಲಿನ ಹಲಗೆ. ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನು 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಕೊಟ್ಟದ್ದು ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ. ನೆಲದಿಂದ ಆಗಷ್ಟೇ ತೆಗೆದಾಗ ಮೆತ್ತಗಿದ್ದು, ಗಾಳಿ ಬಿಸಿಲು ತಗುಲಿದಂತೆ ಗಟ್ಟಿಯಾಗುವ ಅದರ ಗುಣಕ್ಕೆ ಆ ಹೆಸರು ಸಲ್ಲುತ್ತದೆ. ಹಳೆಯ ಕಲ್ಲಿನಲ್ಲಿ ಮೂಲೆ ತೆಗೆಯಲು ಹೋಗಿ ನಾಲ್ಕು ಹಲಗೆಗಳನ್ನು ಒಡೆದುಕೊಂಡ ಮೇಲೆ, ಪಕ್ಕದ ಕೋರೆಯಿಂದ ಬೆಳಿಗ್ಗೆ ತೆಗೆದದ್ದನ್ನು ಸಂಜೆಯೊಳಗೆ ಕಡೆಯುವ ಅಭ್ಯಾಸ ಮಾಡಿಕೊಂಡೆ. ಕಂಬಗಳು ಮೇಲೆ ಕೆಳಗೆ ಜಾರುವ ದಾರಿಯ ಬೋಲ್ಟುಗಳಿಗೆ ಸಾಮಾನ್ಯ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಬೇಡವೆಂದು, ಉಪ್ಪುಗಾಳಿಗೆ ತಡೆಯುವ, ಮಾಲಿಬ್ಡಿನಮ್ ಸೇರಿದ 316 ಹಾಕಿದ್ದೇನೆ.

ನಿಜವಾಗಿ ನನ್ನನ್ನು ದಣಿಸಿದ್ದು ಕೋಶಗಳ ಗೋಡೆಯ ತೂತುಗಳ ಅಳತೆ. ಮೊದಲು 75 ಮಿಲಿಮೀಟರ್ ಇಟ್ಟಿದ್ದೆ. ನಡುವಿನ ಕಂಬದ ಮೇಲೆ ಕೂತ ಸ್ನೇಹಿತರು, ಕತ್ತಲಲ್ಲಿ ಮೆಟ್ಟಿಲು ತಪ್ಪಿದವರಂತೆ ಒಂದೇ ಕ್ಷಣದಲ್ಲಿ 30 ಸೆಂಟಿಮೀಟರ್ ಕೆಳಗೆ ಹೋದರು. ಅಲ್ಲಿ ತಡೆ ಇಲ್ಲದಿದ್ದರೆ ಇನ್ನೂ ಹೋಗುತ್ತಿದ್ದರು. ಹಾಗಾದರೆ ಕಿರಿದು ಮಾಡೋಣವೆಂದು 25ಕ್ಕೆ ಇಳಿಸಿದೆ. ಇಳಿತ ಈಗ ಗಂಭೀರವಾಯಿತು, ಆದರೆ ನೆರೆಗೆ ಹೋಗಲು ದಾರಿ ಸಾಲದ ನೀರು ಕಂಬಕ್ಕೂ ಗೋಡೆಗೂ ನಡುವಿನ ಒಂದು ಬೆರಳಿನ ಸಂದಿಯಲ್ಲಿ ಮೇಲಕ್ಕೆ ಚಿಮ್ಮಿ ಕೂತವರ ಪಂಚೆಯನ್ನು ತೋಯಿಸಿತು. ಕೊನೆಗೆ 40ರಲ್ಲಿ ನಿಂತೆ, ಇಳಿಯಲು ಸುಮಾರು ಮೂರು ಸೆಕೆಂಡು ಹಿಡಿಯುತ್ತದೆ. ಅಂಚಿನ ಕೋಶಗಳಿಗೆ ಮೂರೋ ನಾಲ್ಕೋ ನೆರೆಗಳು ಮಾತ್ರ ಇರುವುದರಿಂದ ಅಲ್ಲಿ ತೂತನ್ನು ಮತ್ತೆ ಹಿಗ್ಗಿಸಬೇಕಾಯಿತು. ಇದನ್ನು ಕಾಗದದ ಮೇಲೆಯೇ ಲೆಕ್ಕ ಹಾಕಬಹುದಿತ್ತೆಂದು ಆಮೇಲೆ ತಿಳಿದವರು ಹೇಳಿದರು, ಹೇಳುವವರು ಯಾವಾಗಲೂ ಆಮೇಲೆಯೇ ಸಿಗುತ್ತಾರೆ.

ಲೆಕ್ಕ ನಾನು ಹಾಕದೆ ಇರಲಿಲ್ಲ, ಬೇರೆ ಲೆಕ್ಕ ಹಾಕಿದ್ದೆ. ಒಂದು ಕಂಬ 30 ಸೆಂಟಿಮೀಟರ್ ಇಳಿದರೆ ಉಳಿದ ಹದಿನೆಂಟೂ ಏಳುವುದು ಸುಮಾರು ಒಂದೂವರೆ ಸೆಂಟಿಮೀಟರ್ ಮಾತ್ರ. ಬಂದವರಲ್ಲಿ ಹೆಚ್ಚಿನವರು ತಾವು ಇಳಿದದ್ದನ್ನು ಕಂಡು ನಕ್ಕು ಎದ್ದುಹೋದರು, ಸುತ್ತಲಿನದು ಎದ್ದದ್ದನ್ನು ಗಮನಿಸಲಿಲ್ಲ. ಸನ್ನೆಕೋಲು ಜೋಡಿಸಿ ಆ ಏರಿಕೆಯನ್ನು ದೊಡ್ಡದು ಮಾಡಿ ತೋರಿಸು ಎಂಬ ಸಲಹೆ ಬಂತು, ಒಂದು ರಾತ್ರಿ ನಾನೂ ಅದರ ನಕ್ಷೆ ಬರೆದೆ, ಬೆಳಿಗ್ಗೆ ಹರಿದುಹಾಕಿದೆ. ಗುಡ್ಡೆಯ ಒಂದು ಬದಿಯಲ್ಲಿ ಕಲ್ಲು ತೆಗೆದರೆ ನಾಲ್ಕು ಮನೆಯಾಚೆಯ ಬಾವಿಯ ನೀರು ಕದಲುವುದು ಕಣ್ಣಿಗೆ ಕಾಣುವಷ್ಟಲ್ಲ. ಅದನ್ನು ಕಾಣುವಂತೆ ಉಬ್ಬಿಸಿದರೆ ನಾನು ಸುಳ್ಳು ಹೇಳಿದಂತಾಗುತ್ತಿತ್ತು.

ದಾರಿ ತೋರಿಸಿದ್ದು ಮಕ್ಕಳು. ಸುಮಾರು 33 ಕಿಲೋಗಿಂತ ಹೆಚ್ಚು ಭಾರದವರೆಲ್ಲ ತಡೆಗೆ ತಾಗಿ ಒಂದೇ ಮಟ್ಟದಲ್ಲಿ ನಿಲ್ಲುತ್ತಾರೆ, ಅದಕ್ಕಿಂತ ಹಗುರಾದವರು ಮಾತ್ರ ತಮ್ಮ ತೂಕದ ಆಳವನ್ನು ಕಂಡುಕೊಳ್ಳುತ್ತಾರೆ. 20 ಕಿಲೋದ ಹುಡುಗಿಗೆ ಅದು 18 ಸೆಂಟಿಮೀಟರ್. ಅಂತಹ ಒಬ್ಬಳು ಅಂಚಿನಲ್ಲಿ ಸುಮ್ಮನೆ ಕೂತಿದ್ದಾಗ ಅವಳ ಅಣ್ಣ ಪಕ್ಕದ ಕಂಬಕ್ಕೆ ಹತ್ತಿದ. ಯಾರೋ ತನ್ನನ್ನು ಕೆಳಗಿನಿಂದ ಎತ್ತಿದರು ಎಂದು ಅವಳು ಕೂಗಿದಳು. ಕಣ್ಣಿಗೆ ಸಿಗದ ಒಂದೂವರೆ ಸೆಂಟಿಮೀಟರ್ ಕೂತ ಮೈಗೆ ಚೆನ್ನಾಗಿ ಸಿಗುತ್ತದೆ. ಆ ದಿನದಿಂದ ಒಬ್ಬೊಬ್ಬರನ್ನೇ ಹತ್ತಿಸುವುದನ್ನು ಬಿಟ್ಟು, ಮೊದಲು ಒಬ್ಬರು ಕೂತು ಕಣ್ಣು ಮುಚ್ಚಿದ ಮೇಲೆಯೇ ಇನ್ನೊಬ್ಬರನ್ನು ಕಳುಹಿಸುತ್ತಿದ್ದೇನೆ.

ಸೊಳ್ಳೆಗೆ ಗಪ್ಪಿ ಮೀನು ಬಿಟ್ಟಿದ್ದೇನೆ. ಬೆರಳು ಸಿಕ್ಕದಂತೆ ಕೋಶದ ಅಂಚಿಗೆ ರಬ್ಬರ್ ಪಟ್ಟಿ ಅಂಟಿಸಿದ್ದೇನೆ, ಅದು ವರ್ಷಕ್ಕೊಮ್ಮೆ ಕಿತ್ತುಬರುತ್ತದೆ.

ಮಳೆ ನೀರನ್ನು ಏನು ಮಾಡುವುದೆಂಬ ಪ್ರಶ್ನೆ ಉಳಿದಿತ್ತು. ಅಮೆರಿಕದ ಉಪ್ಪಿನ ಸರೋವರದಲ್ಲಿ ಕಲಾವಿದ ರಾಬರ್ಟ್ ಸ್ಮಿತ್ಸನ್ 1970ರಲ್ಲಿ ಕಪ್ಪುಕಲ್ಲು ಸುರಿದು ಮಾಡಿದ 1500 ಅಡಿ ಉದ್ದದ ಸುರುಳಿ ನೀರು ಏರಿದಾಗ ವರ್ಷಗಟ್ಟಲೆ ಮುಳುಗಿ, ಇಳಿದಾಗ ಮತ್ತೆ ಹೊರಬಂದದ್ದು ನನಗೆ ಧೈರ್ಯ ಕೊಟ್ಟಿತು. ಹೊರಹರಿವಿನ ಕೊಳವೆಯನ್ನು ಬೇಸಿಗೆಯ ಮಟ್ಟಕ್ಕಿಂತ 20 ಸೆಂಟಿಮೀಟರ್ ಮೇಲೆ ಇಟ್ಟೆ. ಜೂನ್ ಮಳೆ ಹಿಡಿದ ಕೆಲವೇ ದಿನಗಳಲ್ಲಿ ಹತ್ತೊಂಬತ್ತೂ ಕಂಬಗಳು ಒಟ್ಟಿಗೆ ಅಷ್ಟು ಮೇಲೆ ಬರುತ್ತವೆ, ಕೊಯ್ಲಿನ ಹೊತ್ತಿಗೆ ನಿಧಾನವಾಗಿ ಇಳಿಯತೊಡಗುತ್ತವೆ. ಮುರಕಲ್ಲು ಮಳೆ ಕುಡಿದು ಭಾರವಾಗುವುದರಿಂದ ಏರಿಕೆ 20ಕ್ಕೆ ಅರ್ಧ ಸೆಂಟಿಮೀಟರ್ ಕಡಿಮೆಯೇ ಬೀಳುತ್ತದೆ. ಮೊದಲ ವರ್ಷ ಎಲ್ಲೋ ಸೋರುತ್ತಿದೆಯೆಂದು ತೊಟ್ಟಿಯ ಹೊರಗೋಡೆಗೆ ಎರಡು ಸಲ ಸಿಮೆಂಟು ಬಳಿದಿದ್ದೆ.