ಹಳೆಯ ಕಾರಿಗೆ ಉದ್ದದ ರಿಪೇರಿ ಪಟ್ಟಿ: ಯಾವುದು ಈಗಲೇ ಬೇಕು, ಯಾವುದು ಕಾಯಬಹುದು?

ಹನ್ನೆರಡು ವರ್ಷ ಹಳೆಯ ಪೆಟ್ರೋಲ್ ಕಾರನ್ನು ಸರ್ವಿಸ್‌ಗೆ ಬಿಟ್ಟು ಬಂದಿದ್ದೀರಿ ಎಂದುಕೊಳ್ಳಿ. ಮಧ್ಯಾಹ್ನದ ಹೊತ್ತಿಗೆ ವಾಟ್ಸ್‌ಆ್ಯಪ್‌ನಲ್ಲಿ ಎಸ್ಟಿಮೇಟ್ ಬರುತ್ತದೆ: ಬ್ರೇಕ್ ಪ್ಯಾಡ್, ಡಿಸ್ಕ್, ಕ್ಲಚ್ ಸೆಟ್, ಮುಂದಿನ ಎರಡು ಶಾಕ್ ಅಬ್ಸಾರ್ಬರ್, ಆಯಿಲ್ ಸೋರಿಕೆ, ಎಂಜಿನ್ ಫ್ಲಶ್, ಎ.ಸಿ. ಗ್ಯಾಸ್, ಅಂಡರ್‌ಬಾಡಿ ಕೋಟಿಂಗ್. ಕೊನೆಯ ಸಾಲಿನ ಮೊತ್ತ ನೋಡಿ ಕೆಲವರು ಎಲ್ಲಕ್ಕೂ ಹೂಂ ಎನ್ನುತ್ತಾರೆ. ಇನ್ನು ಕೆಲವರು ‘ಆಯಿಲ್ ಮಾತ್ರ ಬದಲಿಸಿ ಕೊಡಿ’ ಎಂದು ಗಾಡಿ ಬಿಡಿಸಿಕೊಂಡು ಬರುತ್ತಾರೆ. ಮೊದಲನೆಯವರದ್ದು ದುಡ್ಡು ಹೋಗುತ್ತದೆ. ಎರಡನೆಯವರು ಜೀವಕ್ಕೇ ಕುತ್ತು ತಂದುಕೊಳ್ಳಬಹುದು. ಒಟ್ಟು ಮೊತ್ತದ ಮೇಲೆ ಚೌಕಾಸಿ ಮಾಡುವುದರಿಂದಲೂ ಪ್ರಯೋಜನವಿಲ್ಲ. ಪಟ್ಟಿಯ ಒಂದೊಂದು ಸಾಲಿಗೂ ಕಾರಣ ಕೇಳಬೇಕು, ಸವೆತವನ್ನು ಕಣ್ಣಾರೆ ನೋಡಬೇಕು.

ತೊಂದರೆ ಹೇಳಿ, ಬಿಡಿಭಾಗದ ಹೆಸರು ಹೇಳಬೇಡಿ

‘ಕ್ಲಚ್ ಹೋದಂತಿದೆ, ನೋಡಿ’ ಎಂದರೆ ಕ್ಲಚ್ ಬದಲಾಗುತ್ತದೆ, ತೊಂದರೆ ಹಾಗೆಯೇ ಉಳಿಯಲೂಬಹುದು. ಅದರ ಬದಲು, ‘ನಾಲ್ಕನೇ ಗೇರಿನಲ್ಲಿ ಏರು ಹತ್ತುವಾಗ ಎಂಜಿನ್ ಜೋರಾಗಿ ಸದ್ದು ಮಾಡುತ್ತದೆ, ಗಾಡಿ ಮಾತ್ರ ವೇಗ ಹಿಡಿಯುವುದಿಲ್ಲ’ ಎಂದು ಹೇಳಿ. ಸದ್ದು ಬರುವುದು ಹಂಪ್ ದಾಟುವಾಗಲೋ, ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗಲೋ, ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗಲೋ ಎಂಬುದನ್ನು ಗುರುತು ಹಾಕಿಕೊಳ್ಳಿ. ಸಾಧ್ಯವಾದರೆ ಮೆಕ್ಯಾನಿಕ್ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬನ್ನಿ. ಒಳ್ಳೆಯ ಮೆಕ್ಯಾನಿಕ್‌ಗಳು ಇದನ್ನು ತಾವಾಗಿಯೇ ಕೇಳುತ್ತಾರೆ.

ಕಾರಿನ ಜೊತೆ ಬಂದ ಕೈಪಿಡಿಯನ್ನೂ ಹೊರತೆಗೆಯಿರಿ. ಎಷ್ಟು ಕಿಲೋಮೀಟರಿಗೆ, ಎಷ್ಟು ತಿಂಗಳಿಗೆ ಏನನ್ನು ಬದಲಿಸಬೇಕು ಎಂಬ ಕೋಷ್ಟಕ ಅದರಲ್ಲಿರುತ್ತದೆ. ಗ್ಯಾರೇಜಿನ ಪಟ್ಟಿಯನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ಕೆಲವು ಸಾಲುಗಳು ಅಲ್ಲೇ ಇತ್ಯರ್ಥವಾಗುತ್ತವೆ.

‘ತೋರಿಸಿ’ ಎನ್ನಲು ಸಂಕೋಚ ಬೇಡ

ಬ್ರೇಕ್ ಪ್ಯಾಡ್‌ನಿಂದಲೇ ಶುರು ಮಾಡಿ, ಏಕೆಂದರೆ ಅದನ್ನು ಅಳೆಯಬಹುದು. ಹೊಸ ಪ್ಯಾಡ್‌ನಲ್ಲಿ ಉಕ್ಕಿನ ತಗಡಿನ ಮೇಲೆ ಸುಮಾರು 10 ಮಿಲಿಮೀಟರ್ ಘರ್ಷಣೆಯ ಪದರ ಇರುತ್ತದೆ. ಅದು 3 ಮಿ.ಮೀ. ಹತ್ತಿರ ಬಂದಿದ್ದರೆ ಬದಲಿಸಿ, ಮಾತಿಲ್ಲ. 6 ಮಿ.ಮೀ. ಉಳಿದಿದ್ದರೆ ಮುಂದಿನ ಸರ್ವಿಸ್‌ನಲ್ಲಿ ನೋಡಿದರಾಯಿತು. ಆದರೆ ಚಕ್ರದ ಸಂದಿಯಿಂದ ಕಾಣುವ ಹೊರಗಿನ ಪ್ಯಾಡ್ ನೋಡಿ ತೀರ್ಮಾನಿಸಬೇಡಿ. ಹಳೆಯ ಕಾರುಗಳಲ್ಲಿ, ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್ ಜಾರುವ ಪಿನ್ನುಗಳು ತುಕ್ಕು ಹಿಡಿದು ಬಿಗಿಯಾಗಿ, ಒಳಗಿನ ಪ್ಯಾಡ್ ಮಾತ್ರ ತಗಡಿನವರೆಗೆ ಸವೆದಿರುವುದುಂಟು. ಚಕ್ರ ಬಿಚ್ಚಿಸಿ ಎರಡನ್ನೂ ನೋಡಿ. ಹಾಗೆ ಒಂದೇ ಸವೆದಿದ್ದರೆ ಪಿನ್ನುಗಳನ್ನು ಬಿಡಿಸಿ, ಉಜ್ಜಿ, ಗ್ರೀಸ್ ಹಚ್ಚದೆ ಹೊಸ ಪ್ಯಾಡ್ ಹಾಕಿದರೆ ಅದೂ ಬೇಗನೆ ಹಾಗೆಯೇ ಸವೆಯುತ್ತದೆ.

ಡಿಸ್ಕ್‌ಗೂ ಇದೇ ಮಾತು. ಕನಿಷ್ಠ ದಪ್ಪ ಎಷ್ಟಿರಬೇಕು ಎಂಬುದು ಸಾಮಾನ್ಯವಾಗಿ ಡಿಸ್ಕ್ ಮೇಲೆಯೇ ಅಚ್ಚಾಗಿರುತ್ತದೆ. ಅಳತೆ ಅದಕ್ಕಿಂತ ಹೆಚ್ಚಿದ್ದು, ಆಳವಾದ ಗೀರುಗಳಿಲ್ಲದೆ, ಬ್ರೇಕ್ ಹಿಡಿದಾಗ ಪೆಡಲ್ ಅದುರದಿದ್ದರೆ ‘ಪ್ಯಾಡ್ ಜೊತೆ ಡಿಸ್ಕೂ ಹೊಸದು’ ಎಂಬ ಸಲಹೆಗೆ ಆಧಾರವಿಲ್ಲ.

ಮುಂದೂಡಲೇಬಾರದವು

ಬ್ರೇಕ್ ಆಯಿಲ್ ಸೋರಿಕೆ, ಒತ್ತಿದರೆ ಮೆತ್ತಗೆ ಕೆಳಗಿಳಿಯುವ ಪೆಡಲ್, ಮುಂದಿನ ಚಕ್ರಗಳನ್ನು ಹಿಡಿದು ತಿರುಗಿಸುವ ಬಾಲ್ ಜಾಯಿಂಟ್ ಅಥವಾ ಸ್ಟಿಯರಿಂಗ್ ಟೈ ರಾಡ್ ಸಡಿಲವಾಗಿರುವುದು: ಇವುಗಳ ವಿಷಯದಲ್ಲಿ ಲೆಕ್ಕಾಚಾರವೇ ಬೇಡ. ಚಾರ್ಮಾಡಿಯನ್ನೋ ಶಿರಾಡಿಯನ್ನೋ ಇಳಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಟೈರಿನ ಪಟ್ಟೆಗಳ ಆಳ 1.6 ಮಿ.ಮೀ.ಗಿಂತ ಕಡಿಮೆಯಾದರೆ ಅದು ನಿಯಮದ ಪ್ರಕಾರವೂ ಅನರ್ಹ. ಪಟ್ಟೆ ಚೆನ್ನಾಗಿದ್ದರೂ ವಯಸ್ಸು ನೋಡಿ. ಪಕ್ಕದಲ್ಲಿ 2319 ಎಂಬಂತಹ ನಾಲ್ಕು ಅಂಕಿಗಳಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದ ಟೈರು.

ಕೂಲಂಟ್ ಕಡಿಮೆಯಾಗುತ್ತಲೇ ಇದ್ದರೆ, ಟೆಂಪರೇಚರ್ ಮುಳ್ಳು ಮೇಲೇರುತ್ತಿದ್ದರೆ ಅಂದೇ ನೋಡಿಸಿ. ಸಣ್ಣ ಹೋಸ್‌ನಲ್ಲಿ ಮುಗಿಯುವ ಕೆಲಸವನ್ನು ಎಳೆದಾಡಿದರೆ ಎಂಜಿನ್ ಬಿಚ್ಚಬೇಕಾದ ಹೆಡ್ ಗ್ಯಾಸ್ಕೆಟ್‌ವರೆಗೂ ಹೋಗುತ್ತದೆ. ಪಿಸ್ಟನ್, ವಾಲ್ವ್‌ಗಳ ಚಲನೆಯನ್ನು ತಾಳಮೇಳದಲ್ಲಿಡುವ ಟೈಮಿಂಗ್ ಬೆಲ್ಟ್ ಹೊರಗಿನಿಂದ ಕಾಣುವುದಿಲ್ಲ, ತುಂಡಾಗುವ ಮುನ್ನ ಸುಳಿವನ್ನೂ ಕೊಡದೇ ಇರಬಹುದು. ಹಲವು ಎಂಜಿನ್‌ಗಳಲ್ಲಿ ಅದು ತುಂಡಾದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗುತ್ತವೆ. ಮಾರುತಿ 800, ಹ್ಯುಂಡೈ ಐ10ರ 1.1 ಲೀಟರ್ ಎಂಜಿನ್‌ಗಳಲ್ಲಿ ಇರುವುದು ಬೆಲ್ಟ್. ಮಾರುತಿಯ ಕೆ-ಸರಣಿಯ ಎಂಜಿನ್‌ಗಳಲ್ಲಿ, ಐ10ರ 1.2 ಲೀಟರ್ ‘ಕಪ್ಪಾ’ ಎಂಜಿನ್‌ನಲ್ಲಿ ಬೆಲ್ಟ್ ಬದಲು ಚೈನ್ ಇದೆ. ಚೈನ್ ಇರುವ ಕಾರಿಗೆ ಯಾರಾದರೂ ಟೈಮಿಂಗ್ ಬೆಲ್ಟ್ ಎಂದು ಬರೆದರೆ ಅಲ್ಲೇ ನಿಲ್ಲಿಸಿ ಕೇಳಿ.

ಅರ್ಧ ನಿಜ ಇರುವ ಸಾಲುಗಳು

ಹೆಚ್ಚು ದುಡ್ಡು ವ್ಯರ್ಥವಾಗುವುದು ಇಲ್ಲಿ. ತೊಂದರೆ ಇರುವುದು ನಿಜ, ಸೂಚಿಸಿದ ಪರಿಹಾರ ಮಾತ್ರ ದೊಡ್ಡದು.

ನಮ್ಮ ಹಂಪ್‌ಗಳ ಮೇಲೆ, ಗುಂಡಿಗಳಲ್ಲಿ ಮುಂಭಾಗ ಕಟಕಟ ಎಂದರೆ ಮೊದಲ ಅನುಮಾನ ಶಾಕ್ ಅಬ್ಸಾರ್ಬರ್ ಮೇಲೆ ಹೋಗುತ್ತದೆ. ಅನೇಕ ವೇಳೆ ಸದ್ದಿಗೆ ಕಾರಣ ಅದಕ್ಕಿಂತ ಎಷ್ಟೋ ಅಗ್ಗದ ಸ್ಟೆಬಿಲೈಸರ್ ಲಿಂಕ್ ರಾಡ್ ಅಥವಾ ಲೋಯರ್ ಆರ್ಮ್‌ನ ರಬ್ಬರ್ ಬುಷ್. ಶಾಕ್ ಅಬ್ಸಾರ್ಬರ್‌ನ ಮೈಮೇಲೆ ಆಯಿಲ್ ಇಳಿದಿದೆಯೇ ನೋಡಿ. ಆ ಮೂಲೆಯನ್ನು ಒತ್ತಿ ಬಿಟ್ಟರೆ ಕಾರು ಒಂದೇ ಸಲ ಮೇಲೆದ್ದು ನಿಲ್ಲುತ್ತದೆಯೋ, ತೂಗಾಡುತ್ತಲೇ ಇರುತ್ತದೆಯೋ ಗಮನಿಸಿ. ಒಣಗಿದ್ದು, ತೂಗಾಡದಿದ್ದರೆ ಮೊದಲು ಲಿಂಕ್ ರಾಡ್, ಬುಷ್‌ಗಳನ್ನು ಪರೀಕ್ಷಿಸಲು ಹೇಳಿ.

ಆಯಿಲ್ ಸೋರಿಕೆಗೆ ರಾತ್ರಿ ಎಂಜಿನ್ ಕೆಳಗೆ ರಟ್ಟು ಹಾಸಿ. ಬೆಳಿಗ್ಗೆ ರಟ್ಟು ಒಣಗಿದ್ದು, ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಇಳಿಯದಿದ್ದರೆ, ಗ್ಯಾಸ್ಕೆಟ್ ಅಂಚಿನಲ್ಲಿ ಧೂಳು ಅಂಟಿಸಿಕೊಂಡು ಜಿನುಗುವ ಆಯಿಲ್ ತಿಂಗಳುಗಟ್ಟಲೆ ಕಾಯಬಲ್ಲದು. ಕೆಳಗೆ ತೊಟ್ಟಿಕ್ಕುತ್ತಿದ್ದರೆ, ಬಿಸಿ ಸೈಲೆನ್ಸರ್ ಕೊಳವೆಯ ಮೇಲೆ ಬೀಳುತ್ತಿದ್ದರೆ ಕಾಯುವಂತಿಲ್ಲ.

ಎ.ಸಿ. ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಅದು ತೀರಾ ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ. ಸೋರಿಕೆ ಹುಡುಕದೆ ವರ್ಷವರ್ಷ ತುಂಬಿಸುವುದು ರಿಪೇರಿಯಲ್ಲ. ಚೆಕ್ ಎಂಜಿನ್ ದೀಪ ಹೊತ್ತಿದ್ದರೆ ಸ್ಕ್ಯಾನರ್ ತೋರಿಸಿದ ಕೋಡನ್ನು ಬರೆದುಕೊಡಲು ಹೇಳಿ. ಪಿ0171 ಎಂದರೆ ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿದೆ ಎಂದಷ್ಟೇ ಅರ್ಥ. ಬಿರಿದ ರಬ್ಬರ್ ಹೋಸ್‌ನಿಂದಲೂ ಅದು ಬರಬಹುದು. ಕೋಡ್ ನೋಡಿದೊಡನೆ ಸೆನ್ಸರ್ ಬದಲಿಸುವುದು ಊಹೆಯ ಕೆಲಸ.

ಕ್ಲಚ್‌ನಲ್ಲಿ ಮಾತ್ರ ಮೆಕ್ಯಾನಿಕ್ ‘ಸೆಟ್ಟೇ ಹಾಕೋಣ’ (ಪ್ಲೇಟ್, ಕವರ್, ಬೇರಿಂಗ್ ಎಲ್ಲವೂ ಹೊಸದು) ಎಂದರೆ ಒಪ್ಪಿಕೊಳ್ಳಿ. ಅಲ್ಲಿ ದೊಡ್ಡ ಕೆಲಸ ಗೇರ್‌ಬಾಕ್ಸ್ ಇಳಿಸುವುದು. ಪ್ಲೇಟ್ ಮಾತ್ರ ಹಾಕಿ ಬೇರಿಂಗ್ ಉಳಿಸಿದರೆ, ಅದು ಕೆಟ್ಟ ದಿನ ಅಷ್ಟೇ ಲೇಬರ್ ಮತ್ತೆ ಕೊಡಬೇಕು.

ಬಹುತೇಕ ಬಿಡಬಹುದಾದವು

ಎಂಜಿನ್ ಫ್ಲಶ್, ಇಂಜೆಕ್ಟರ್ ಕ್ಲೀನಿಂಗ್, ಡಿಕಾರ್ಬನೈಸೇಶನ್, ಅಂದರೆ ಎಂಜಿನ್ ಒಳಗಿನ ಗಸಿ, ಮಸಿ ತೊಳೆಯುವ ಕೆಲಸಗಳು: ತೊಂದರೆಯ ಲಕ್ಷಣವೇ ಇಲ್ಲದಿದ್ದರೆ ಬೇಡ. ಆಯಿಲ್ ಗಸಿ ಕಟ್ಟಿರುವ ಹಳೆಯ ಎಂಜಿನ್‌ಗೆ ಫ್ಲಶ್ ಹಾಕಿದರೆ ಸಡಿಲಗೊಂಡ ಗಸಿ ಹೋಗಿ ಆಯಿಲ್ ಜರಡಿಯನ್ನು ಕಟ್ಟುವ ಅಪಾಯವೂ ಇದೆ. ಅಂಡರ್‌ಬಾಡಿ ಕೋಟಿಂಗ್ ಊರನ್ನು ಅವಲಂಬಿಸಿದೆ. ಮಂಗಳೂರು, ಕಾರವಾರದ ಉಪ್ಪುಗಾಳಿಗೆ, ಮಳೆಗೆ ಅದು ಅರ್ಥಪೂರ್ಣ. ಬಳ್ಳಾರಿಯ ಒಣ ಬಿಸಿಲಿನಲ್ಲಿ ಆ ದುಡ್ಡು ಕೂಲಂಟ್‌ಗೆ, ಬ್ಯಾಟರಿಗೆ ಇರಲಿ. ಈಗಾಗಲೇ ತುಕ್ಕು ಹಿಡಿದಿದ್ದರೆ ಕೆರೆದು ತೆಗೆಯದೆ ಕೋಟಿಂಗ್ ಬಳಿಸಬೇಡಿ. ತೇವ ಒಳಗೇ ಉಳಿಯುತ್ತದೆ.

ಇನ್ನೊಬ್ಬರಿಗೆ ತೋರಿಸುವಾಗ

ದೊಡ್ಡ ಮೊತ್ತವಾದರೆ ಮತ್ತೊಂದು ಗ್ಯಾರೇಜಿಗೆ ಹೋಗಿ, ಆದರೆ ಮೊದಲ ಪಟ್ಟಿಯನ್ನು ತೋರಿಸಬೇಡಿ. ಲಕ್ಷಣ ಮಾತ್ರ ಹೇಳಿ, ಪರೀಕ್ಷೆಗೆ ತಗಲುವ ಹಣ ಕೊಡಿ. ಪುಕ್ಕಟೆ ತಪಾಸಣೆಯ ಖರ್ಚು ರಿಪೇರಿಯಲ್ಲೇ ಹುಟ್ಟಬೇಕಾಗುತ್ತದೆ. ಬಿಡಿಭಾಗದ ನಂಬರ್ ಕೇಳಿ ಪಡೆದರೆ ಎಂ.ಆರ್.ಪಿ.ಯನ್ನು ಆನ್‌ಲೈನ್‌ನಲ್ಲೋ, ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯ ಅಂಗಡಿಗಳಲ್ಲೋ ತಾಳೆ ನೋಡಬಹುದು.

‘ಒಂದೂವರೆ ಲಕ್ಷದ ಕಾರಿಗೆ ನಲವತ್ತು ಸಾವಿರ ಹಾಕುವುದೇ?’ ಎಂಬ ಪ್ರಶ್ನೆ ಮನೆಯಲ್ಲಿ ಬಂದೇ ಬರುತ್ತದೆ. ಆ ನಲವತ್ತನ್ನು ಕಾರಿನ ಮಾರಾಟ ಬೆಲೆಯೊಂದಿಗೆ ಹೋಲಿಸಬೇಡಿ. ಅದರ ಬದಲಿಗೆ ಕೊಳ್ಳುವ ಕಾರಿನ ಒಂದು ವರ್ಷದ ಕಂತು, ವಿಮೆಯೊಂದಿಗೆ ಹೋಲಿಸಿ. ಎಂಜಿನ್, ಬಾಡಿ ಗಟ್ಟಿಯಿದ್ದು ಇನ್ನೆರಡು ವರ್ಷ ಓಡುವುದಾದರೆ ರಿಪೇರಿಯೇ ಲಾಭ. ಕಾರಿಗೆ 15 ವರ್ಷ ಹತ್ತಿರವಾಗಿದ್ದರೆ ನೋಂದಣಿ ನವೀಕರಣ, ಹಸಿರು ತೆರಿಗೆಯ ಖರ್ಚನ್ನೂ ಸೇರಿಸಿ.

ಕೆಲಸಕ್ಕೆ ಒಪ್ಪಿಗೆ ಕೊಡುವಾಗ ‘ಬದಲಿಸಿದ ಹಳೆಯ ಭಾಗಗಳನ್ನು ಎತ್ತಿಡಿ’ ಎಂದು ಮೊದಲೇ ತಿಳಿಸಿ. ಲೇಬರ್, ಬಿಡಿಭಾಗ ಬೇರೆಬೇರೆಯಾಗಿ ನಮೂದಾಗಿರುವ ಜಿ.ಎಸ್.ಟಿ. ಬಿಲ್ ಪಡೆಯಿರಿ. ತೊಂದರೆ ಮರುಕಳಿಸಿದರೆ ಆ ಬಿಲ್ ಹಿಡಿದು ಬೇಗನೆ ಹೋಗಿ ಮಾತನಾಡಿ. ಅಲ್ಲಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ದಾಖಲಿಸಬಹುದು.